ಸಾಕು ಗಿಳಿಗೆ ಹೊಸ ಮನೆ: ಹಸ್ತಾಂತರಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ವಿದೇಶದಲ್ಲಿ ಉದ್ಯೋಗ, ಬೇರೆ ಊರಿಗೆ ವರ್ಗಾವಣೆ, ಬಾಡಿಗೆ ಮನೆ ಮಾಲೀಕರ ಆಕ್ಷೇಪ, ಮನೆಯವರೊಬ್ಬರಿಗೆ ಶ್ವಾಸಕೋಶದ ತೊಂದರೆ, ಸಾಕಿದವರ ವೃದ್ಧಾಪ್ಯ ಇಲ್ಲವೇ ನಿಧನ. ಅಕ್ಕರೆಯಿಂದ ತಂದ ಗಿಳಿಯನ್ನು ಬೇರೆಯವರ ಕೈಗೆ ಒಪ್ಪಿಸಬೇಕಾದ ಪರಿಸ್ಥಿತಿ ಇಂಥ ಯಾವುದೇ ಕಾರಣದಿಂದ ಎದುರಾಗಬಹುದು. ಆಗ ಬಹುತೇಕರಿಗೆ ತೋಚುವ ದಾರಿಗಳು ಮೂರು: ಅಂತರ್ಜಾಲದಲ್ಲಿ 'ಮಾರಾಟಕ್ಕಿದೆ' ಎಂದು ಜಾಹೀರಾತು ಹಾಕುವುದು, ಪರಿಚಿತರಲ್ಲಿ ಮೊದಲು ಕೇಳಿದವರಿಗೆ ಕೊಟ್ಟುಬಿಡುವುದು, ಅಥವಾ ಪಂಜರದ ಬಾಗಿಲು ತೆರೆದು ಹಾರಿಬಿಡುವುದು. ಮೊದಲೆರಡರಿಂದ ಕೊಟ್ಟವರು ಕಾನೂನಿನ ತೊಡಕಿಗೆ ಸಿಲುಕಬಹುದು, ಹಕ್ಕಿ ಕೈಯಿಂದ ಕೈಗೆ ಅಲೆಯಬಹುದು. ಮೂರನೆಯದು ಹೆಚ್ಚಿನ ಸಂದರ್ಭಗಳಲ್ಲಿ ಹಕ್ಕಿಯ ಸಾವಿಗೆ ದಾರಿ.

ಗಿಳಿಯ ಹಸ್ತಾಂತರಕ್ಕೆ ಒಂದು ಕ್ರಮವಿದೆ. ಮೊದಲು ಹಕ್ಕಿಯ ಪ್ರಭೇದವನ್ನು ಖಚಿತಪಡಿಸಿಕೊಳ್ಳಬೇಕು. ನಂತರ ದಾಖಲೆ, ಆಮೇಲೆ ಆರೋಗ್ಯ ತಪಾಸಣೆ, ಕೊನೆಗೆ ಹೊಸ ಪೋಷಕರ ಆಯ್ಕೆ. ಇವೆಲ್ಲ ಸಮರ್ಪಕವಾಗಿ ನಡೆಯಲು ಎರಡು ಮೂರು ತಿಂಗಳಾದರೂ ಬೇಕು. ವಿಮಾನ ಹತ್ತುವ ಹಿಂದಿನ ವಾರ ಈ ಕೆಲಸಕ್ಕೆ ಕೈಹಾಕಿದರೆ ಹಕ್ಕಿಗೆ ಒಳ್ಳೆಯ ಮನೆ ಸಿಗುವುದು ಕಷ್ಟ.

ದಶಕಗಳ ಜೊತೆಗಾರ

ನಾಯಿ, ಬೆಕ್ಕುಗಳಿಗೆ ಹೋಲಿಸಿದರೆ ಗಿಳಿಗಳ ಆಯುಷ್ಯ ದೀರ್ಘ. ಉತ್ತಮ ಆರೈಕೆಯಲ್ಲಿ ವಿವಿಧ ಪ್ರಭೇದಗಳ ಸಾಮಾನ್ಯ ಜೀವಿತಾವಧಿ ಹೀಗಿದೆ:

- ಬಜರಿಗರ್ (ಕರ್ನಾಟಕದ ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದೇ ಮಾರಾಟವಾಗುವ ಪುಟ್ಟ ಹಕ್ಕಿ): 5ರಿಂದ 10 ವರ್ಷ
- ನಿಜವಾದ ಲವ್‌ಬರ್ಡ್: 10ರಿಂದ 15 ವರ್ಷ
- ಕಾಕಟೀಲ್: 15ರಿಂದ 20 ವರ್ಷ
- ಸನ್ ಕಾನ್ಯೂರ್: 20ರಿಂದ 30 ವರ್ಷ
- ಆಫ್ರಿಕನ್ ಗ್ರೇ ಎಂಬ ಬೂದು ಗಿಳಿ: 40ರಿಂದ 60 ವರ್ಷ
- ದೊಡ್ಡ ಮಕಾವ್ ಮತ್ತು ಕಾಕಟೂಗಳು: 50 ವರ್ಷ ಹಾಗೂ ಅದಕ್ಕೂ ಹೆಚ್ಚು

ಅಮೆರಿಕದ ಷಿಕಾಗೊ ಸಮೀಪದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ 'ಕುಕಿ' ಎಂಬ ಕಾಕಟೂ 2016ರ ಆಗಸ್ಟ್‌ನಲ್ಲಿ ಮರಣ ಹೊಂದಿದಾಗ ಅದಕ್ಕೆ 83 ವರ್ಷ. ನಲವತ್ತರ ವಯಸ್ಸಿನ ವ್ಯಕ್ತಿ ಇಂದು ಬೂದು ಗಿಳಿಯ ಮರಿಯನ್ನು ಮನೆಗೆ ತಂದರೆ ಆ ಹಕ್ಕಿ ಆತನಿಗಿಂತ ಹೆಚ್ಚು ಕಾಲ ಬದುಕುವ ಸಾಧ್ಯತೆ ಇದೆ. ಹಾಗಾಗಿ ದೊಡ್ಡ ಗಿಳಿಗಳ ವಿಷಯದಲ್ಲಿ ಮನೆ ಬದಲಾವಣೆಯನ್ನು ಅಪರೂಪದ ಆಪತ್ತು ಎನ್ನಲಾಗದು. ಅವುಗಳ ಬಾಳಿನಲ್ಲಿ ಒಮ್ಮೆಯಾದರೂ ಬರುವ ಘಟ್ಟ ಅದು.

ಇವು ಬುದ್ಧಿವಂತ ಜೀವಿಗಳೂ ಹೌದು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಮೂರು ದಶಕಗಳ ಕಾಲ ಅಧ್ಯಯನ ನಡೆಸಿದ 'ಅಲೆಕ್ಸ್' ಎಂಬ ಬೂದು ಗಿಳಿ ವಸ್ತುಗಳ ಬಣ್ಣ, ಆಕಾರ, ಸಂಖ್ಯೆಗಳನ್ನು ಗುರುತಿಸಿ ಹೇಳುತ್ತಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಅದು ಸತ್ತಾಗ ವಿಶ್ವದ ಪ್ರಮುಖ ಪತ್ರಿಕೆಗಳು ಸುದ್ದಿ ಪ್ರಕಟಿಸಿದ್ದವು. ಕಾಡಿನಲ್ಲಿ ಗುಂಪಾಗಿ ಬಾಳುವ ಈ ಹಕ್ಕಿಗಳು ಮನೆಯಲ್ಲಿ ಮನುಷ್ಯರನ್ನೇ ತಮ್ಮ ಗುಂಪು ಎಂದು ಭಾವಿಸುತ್ತವೆ. ಆ ಗುಂಪು ಇದ್ದಕ್ಕಿದ್ದಂತೆ ಮರೆಯಾದರೆ ಆಹಾರ ಬಿಡುವುದು, ನಿರಂತರ ಕಿರುಚುವುದು, ತಮ್ಮ ಗರಿಗಳನ್ನು ತಾವೇ ಕಿತ್ತುಕೊಳ್ಳುವುದು ಮೊದಲಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಕೊಡುವುದು ಅನಿವಾರ್ಯವೇ?

ಹಕ್ಕಿಯನ್ನು ಕೊಡಲು ಹೊರಟ ಎಲ್ಲ ಪ್ರಸಂಗಗಳಲ್ಲೂ ಕೊಡಲೇಬೇಕಾದ ಅಗತ್ಯ ಇರುವುದಿಲ್ಲ. ವಿದೇಶ ಪ್ರಯಾಣ, ಗಂಭೀರ ಕಾಯಿಲೆ, ಸಾಕಿದವರ ಮರಣ ಇವು ಅನಿವಾರ್ಯ ಕಾರಣಗಳು. ಆದರೆ 'ಗಲಾಟೆ ಮಾಡುತ್ತದೆ', 'ಕಚ್ಚುತ್ತದೆ' ಎಂಬ ದೂರುಗಳಿಗೆ ಹಲವು ವೇಳೆ ಪರಿಹಾರವಿದೆ.

ಬೆಳಗಿನ ಜಾವ ಮತ್ತು ಸಂಜೆ ಕೂಗುವುದು ಗಿಳಿಗಳ ಸಹಜ ಗುಣ. ಅದನ್ನು ಪೂರ್ತಿ ನಿಲ್ಲಿಸಲಾಗದು. ಇಡೀ ದಿನ ಕೂಗುವ ಹಕ್ಕಿಗೆ ಒಂಟಿತನ, ಬೇಸರ ಅಥವಾ ನಿದ್ರೆಯ ಕೊರತೆ ಇರಬಹುದು. ರಾತ್ರಿ ಹನ್ನೊಂದರವರೆಗೆ ಟಿ.ವಿ. ಓಡುವ ಹಜಾರದಲ್ಲಿ ಪಂಜರವಿದ್ದರೆ ಹಕ್ಕಿಗೆ ಅಗತ್ಯವಾದ 10ರಿಂದ 12 ತಾಸುಗಳ ಕತ್ತಲು, ನಿಶ್ಶಬ್ದ ದೊರೆಯುವುದಿಲ್ಲ. ಪಂಜರದ ಜಾಗ ಬದಲಿಸುವುದು, ಕೊಕ್ಕಿಗೆ ಕೆಲಸ ಕೊಡುವ ಮರದ ತುಂಡು, ತೆಂಗಿನ ನಾರು, ಕಾಗದದಲ್ಲಿ ಸುತ್ತಿಟ್ಟ ತಿನಿಸು ಒದಗಿಸುವುದು, ದಿನಕ್ಕೆ ಒಂದೆರಡು ತಾಸು ಪಂಜರದ ಹೊರಗೆ ಬಿಡುವುದು ಇವುಗಳಿಂದ ಗಲಾಟೆ ತಗ್ಗುವುದುಂಟು. ಎಳೆಯದರಲ್ಲಿ ಸೌಮ್ಯವಾಗಿದ್ದ ಗಿಳಿ ಪ್ರಾಯಕ್ಕೆ ಬಂದಾಗ ಕಚ್ಚತೊಡಗುವುದೂ ಸಾಮಾನ್ಯ. ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ ಕಾಯಿಲೆಯ ಶಂಕೆಯಿಂದ ವೈದ್ಯರಿಗೆ ತೋರಿಸುವುದು ಮೊದಲ ಕೆಲಸ.

ಆರು ತಿಂಗಳ ತರಬೇತಿ, ಹೆರಿಗೆ, ಶಸ್ತ್ರಚಿಕಿತ್ಸೆಯಂಥ ತಾತ್ಕಾಲಿಕ ಕಾರಣಗಳಿದ್ದಲ್ಲಿ ಬಂಧುಗಳ ಮನೆಯಲ್ಲಿ ಹಕ್ಕಿಯನ್ನು ಇರಿಸಿ ಮರಳಿ ಪಡೆಯುವ ವ್ಯವಸ್ಥೆ ಲೇಸು.

ಮೊದಲ ಪ್ರಶ್ನೆ: ಇದು ಯಾವ ಗಿಳಿ?

ಮುಂದಿನ ಎಲ್ಲ ಹೆಜ್ಜೆಗಳೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ. ಭಾರತದ ಕಾನೂನಿನ ದೃಷ್ಟಿಯಲ್ಲಿ ಗಿಳಿಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ನೋಡಬಹುದು.

ದೇಶೀ ಗಿಳಿಗಳು: ಕೆಂಪು ಕೊಕ್ಕು, ಹಸಿರು ಮೈ, ಗಂಡಿನ ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮ ಊರಿನ ಗಿಳಿ, ಹೆಗಲ ಮೇಲೆ ಕೆಂಪು ಮಚ್ಚೆಯಿರುವ ದೊಡ್ಡ ಗಿಳಿ (ಅಲೆಕ್ಸಾಂಡ್ರಿನ್), ಕೆಂಪುತಲೆಯ ಗಿಳಿ, ಪಶ್ಚಿಮ ಘಟ್ಟಗಳ ಮಲಬಾರ್ ಗಿಳಿ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಭೇದಗಳು. ಇವುಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಕಾಯ್ದೆಯ ಉಲ್ಲಂಘನೆಗೆ ಸಾಮಾನ್ಯವಾಗಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಗಿಳಿಶಾಸ್ತ್ರ ಹೇಳುವವರ ಪಂಜರದಲ್ಲಿ ಕಾಣುತ್ತಿದ್ದ ರೆಕ್ಕೆ ಕತ್ತರಿಸಿದ ಗಿಳಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ನೀಲಿ, ಹಳದಿ ಬಣ್ಣದಲ್ಲಿ ಸಿಗುವ ಕೊರಳಪಟ್ಟಿಯ ಗಿಳಿಗಳು ಪ್ರಭೇದದ ಲೆಕ್ಕದಲ್ಲಿ ಇವೇ ಆಗಿರುವುದರಿಂದ ಅವುಗಳ ವಿಷಯದಲ್ಲಿ ಅರಣ್ಯ ಇಲಾಖೆಯ ಅಭಿಪ್ರಾಯ ಪಡೆಯುವುದು ಕ್ಷೇಮ.

ನೋಂದಣಿ ಅಗತ್ಯವಿರುವ ವಿದೇಶಿ ಗಿಳಿಗಳು: ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿ ಬಹುತೇಕ ಎಲ್ಲ ಗಿಳಿ ಪ್ರಭೇದಗಳೂ ಇವೆ. ಆಫ್ರಿಕನ್ ಗ್ರೇಯನ್ನು 2016ರ ಜೋಹಾನ್ಸ್‌ಬರ್ಗ್ ಸಮ್ಮೇಳನದಲ್ಲಿ ಅತ್ಯಂತ ಕಟ್ಟುನಿಟ್ಟಿನ ಒಂದನೇ ಅನುಬಂಧಕ್ಕೆ ಸೇರಿಸಲಾಯಿತು. ಕಡುಗೆಂಪು ಮಕಾವ್ ಕೂಡ ಅದೇ ಅನುಬಂಧದಲ್ಲಿದೆ. ನೀಲಿ-ಹಳದಿ ಮಕಾವ್, ಸನ್ ಕಾನ್ಯೂರ್ ಮುಂತಾದವು ಎರಡನೇ ಅನುಬಂಧದಲ್ಲಿವೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಪ್ರಭೇದಗಳನ್ನು ತನ್ನ ನಾಲ್ಕನೇ ಪರಿಚ್ಛೇದದಲ್ಲಿ ಸೇರಿಸಿಕೊಂಡಿದೆ.

ಅಂಗಡಿಯ ಸಣ್ಣ ಹಕ್ಕಿಗಳು: ಬಜರಿಗರ್, ಕಾಕಟೀಲ್ ಮತ್ತು ಪೀಚ್ ಬಣ್ಣದ ಮುಖದ ಲವ್‌ಬರ್ಡ್ ಸೈಟಿಸ್ ಅನುಬಂಧಗಳಿಂದ ಹೊರಗಿವೆ. ಇವುಗಳಿಗೆ ಆ ನೋಂದಣಿ ಬೇಕಿಲ್ಲ. ಲವ್‌ಬರ್ಡ್‌ಗಳ ಇತರ ಪ್ರಭೇದಗಳು ಅನುಬಂಧದಲ್ಲಿರುವುದರಿಂದ ಮನೆಯಲ್ಲಿರುವ ಹಕ್ಕಿ ಯಾವುದೆಂದು ಪಕ್ಷಿವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.

ದೇಶೀ ಗಿಳಿಯಿದ್ದರೆ ಏನು ಮಾಡಬೇಕು?

ಎಷ್ಟೇ ಪ್ರೀತಿಯಿಂದ ಸಾಕಿದ್ದರೂ ದೇಶೀ ಗಿಳಿಗೆ ಖಾಸಗಿಯಾಗಿ ಹೊಸ ಮನೆ ಹುಡುಕುವಂತಿಲ್ಲ. ಮಾರಿದರೂ, ಉಚಿತವಾಗಿ ಕೊಟ್ಟರೂ ಕೊಟ್ಟವರು, ಪಡೆದವರು ಇಬ್ಬರೂ ಕಾನೂನಿನ ಕಣ್ಣಿಗೆ ಬೀಳುತ್ತಾರೆ. ಅದನ್ನು ಅರಣ್ಯ ಇಲಾಖೆಗೆ ಅಥವಾ ಇಲಾಖೆಯ ಅರಿವಿನಲ್ಲಿ ಕೆಲಸ ಮಾಡುವ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸುವುದೊಂದೇ ಮಾರ್ಗ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ ಮಾಹಿತಿ ಪಡೆಯಬಹುದು. ಬೆಂಗಳೂರಿನಲ್ಲಿ ಕೆಂಗೇರಿ ಸಮೀಪ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಉಳಿದ ಜಿಲ್ಲೆಗಳಲ್ಲಿ ವಲಯ ಅರಣ್ಯಾಧಿಕಾರಿ ಕಚೇರಿಯನ್ನು ಸಂಪರ್ಕಿಸಬೇಕು.

ದಂಡದ ಭಯದಿಂದ ಗಿಳಿಯನ್ನು ರಾತ್ರೋರಾತ್ರಿ ಉದ್ಯಾನದಲ್ಲಿ ಬಿಟ್ಟುಬರುವವರಿದ್ದಾರೆ. ಇದರಿಂದ ಅಪರಾಧ ಅಳಿಯುವುದಿಲ್ಲ, ಹಕ್ಕಿಯೂ ಉಳಿಯುವುದಿಲ್ಲ. ಪುನರ್ವಸತಿ ಕೇಂದ್ರದಲ್ಲಿ ಕತ್ತರಿಸಿದ ಹಾರುಗರಿಗಳು ಉದುರಿ ಹೊಸವು ಬರುವವರೆಗೆ ಕಾಯುತ್ತಾರೆ. ಅದಕ್ಕೆ ಹಲವು ತಿಂಗಳು ಬೇಕಾಗಬಹುದು. ದೊಡ್ಡ ಆವರಣದಲ್ಲಿ ಹಾರಾಟದ ಅಭ್ಯಾಸ ಮಾಡಿಸಿ, ಇತರ ಗಿಳಿಗಳೊಂದಿಗೆ ಬೆರೆಯಲು ಬಿಟ್ಟು, ಮನುಷ್ಯರ ಕೈಯಿಂದ ಆಹಾರ ಬೇಡುವ ರೂಢಿ ತಪ್ಪಿದ ಮೇಲೆ ಸೂಕ್ತ ಸ್ಥಳದಲ್ಲಿ ಗುಂಪಾಗಿ ಬಿಡುತ್ತಾರೆ. ಹಾರಲಾಗದ ಹಕ್ಕಿಗಳಿಗೆ ಬಾಳಿಡೀ ಆರೈಕೆ ಬೇಕಾಗುತ್ತದೆ.

ಪರಿವೇಶ್ ನೋಂದಣಿ ಮತ್ತು ದಾಖಲೆ ವರ್ಗಾವಣೆ

ವಿದೇಶಿ ಗಿಳಿಗಳ ಒಡೆತನವನ್ನು ದಾಖಲಿಸುವ ಯತ್ನ 2020ರ ಜೂನ್‌ನಲ್ಲಿ ಆರಂಭವಾಯಿತು. ತಮ್ಮಲ್ಲಿರುವ ವಿದೇಶಿ ಜೀವಿಗಳ ವಿವರವನ್ನು ಸ್ವಯಂಪ್ರೇರಿತವಾಗಿ ಘೋಷಿಸುವಂತೆ ಕೇಂದ್ರ ಪರಿಸರ ಸಚಿವಾಲಯ ಆಗ ಸಲಹಾಸೂಚಿ ಹೊರಡಿಸಿತ್ತು. 2024ರ ಫೆಬ್ರುವರಿ 28ರಂದು ಜೀವಂತ ಪ್ರಾಣಿ ಪ್ರಭೇದಗಳ ವರದಿ ಮತ್ತು ನೋಂದಣಿ ನಿಯಮಗಳು ಪ್ರಕಟವಾದವು. ಈಗಾಗಲೇ ಸಾಕಿಕೊಂಡಿರುವವರಿಗೆ ಆರು ತಿಂಗಳ ಕಾಲಾವಕಾಶ ನೀಡಲಾಗಿತ್ತು. ಆ ನಂತರ ಹಕ್ಕಿಯನ್ನು ಪಡೆಯುವವರು ಅದು ಕೈಸೇರಿದ 30 ದಿನಗಳೊಳಗೆ ಸಚಿವಾಲಯದ 'ಪರಿವೇಶ್ 2.0' ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸಬೇಕು. ಹಕ್ಕಿಯ ಹಸ್ತಾಂತರ, ಸಂತಾನ, ಮರಣ ಇವನ್ನೂ ವರದಿ ಮಾಡುವುದು ಕಡ್ಡಾಯ.

ಹಣ ಪಡೆಯದೆ ಸ್ನೇಹಿತರಿಗೆ ಕೊಟ್ಟರೂ ಅದು ಹಸ್ತಾಂತರವೇ. ಕೊಡುವವರ ಬಳಿ ಖರೀದಿ ರಸೀದಿ, ನೋಂದಣಿ ಪತ್ರ, ಕಾಲಿನ ಉಂಗುರದ ಸಂಖ್ಯೆ ಅಥವಾ ಮೈಕ್ರೋಚಿಪ್ ವಿವರ, ಲಿಂಗ ನಿರ್ಧಾರದ ಡಿಎನ್ಎ ವರದಿ ಇದ್ದರೆ ಎಲ್ಲವನ್ನೂ ಒಂದೆಡೆ ಜೋಡಿಸಿಕೊಳ್ಳಬೇಕು. ದಾಖಲೆಯೇ ಇಲ್ಲದ ಹಕ್ಕಿಯಾದರೆ ಹೊಸ ಮನೆ ಹುಡುಕುವ ಮುನ್ನ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದಲ್ಲಿ ವಿಚಾರಿಸುವುದು ಸೂಕ್ತ. ದಾಖಲೆಯಿಲ್ಲದ ಮಕಾವ್ ಒಂದನ್ನು ಪ್ರೀತಿಯ ಕಾಣಿಕೆ ಎಂದು ನೀಡಿದರೂ ಪಡೆದವರಿಗೆ ಅದು ಹೊರೆಯಾಗಿ ಪರಿಣಮಿಸಬಹುದು.

ಮೃಗಾಲಯಕ್ಕೆ ಕೊಡಬಹುದೇ ಎಂದು ಕೇಳುವವರಿದ್ದಾರೆ. ಮೃಗಾಲಯಗಳು ಕೇಂದ್ರ ಮೃಗಾಲಯ ಪ್ರಾಧಿಕಾರದ ನಿಯಮಗಳಿಗೆ ಒಳಪಟ್ಟು ಪ್ರಾಣಿಗಳನ್ನು ಪಡೆಯುವ ಸಂಸ್ಥೆಗಳು. ಬೇಡವಾದ ಸಾಕುಹಕ್ಕಿಗಳನ್ನು ತಂದು ಬಿಡುವ ಆಶ್ರಯಧಾಮಗಳೆಂದು ಅವನ್ನು ಭಾವಿಸುವಂತಿಲ್ಲ.

ಹಾರಿಬಿಟ್ಟರೆ ಬಿಡುಗಡೆಯಲ್ಲ

ಪಂಜರದ ಹಕ್ಕಿಯನ್ನು ಆಕಾಶಕ್ಕೆ ಬಿಡುವುದು ಪುಣ್ಯದ ಕೆಲಸ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಕೈಯಲ್ಲೇ ಬೆಳೆದ ಹಕ್ಕಿಗೆ ಆಹಾರ ಹುಡುಕುವುದು ತಿಳಿಯದು. ಹದ್ದು, ಕಾಗೆ, ಬೆಕ್ಕುಗಳನ್ನು ಕಂಡು ಅಡಗುವ ವಿವೇಕವೂ ಅದಕ್ಕೆ ಬಂದಿರುವುದಿಲ್ಲ. ಹಾರುವ ಸ್ನಾಯುಗಳು ಸೊರಗಿರುತ್ತವೆ. ಬಣ್ಣ ಬಣ್ಣದ ವಿದೇಶಿ ಹಕ್ಕಿಯಂತೂ ನಗರದ ಕಾಗೆಗಳ ಕಣ್ಣಿಗೆ ಬೇಗನೆ ಬೀಳುತ್ತದೆ. ಹಸಿವು, ಉಪವಾಸಕ್ಕೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ಅಕಸ್ಮಾತ್ ಹಾರಿಹೋದ ಗಿಳಿಗಳೂ ಇದೇ ಸ್ಥಿತಿಯಲ್ಲಿರುತ್ತವೆ. 2022ರ ಜುಲೈನಲ್ಲಿ ತುಮಕೂರಿನ ಮನೆಯೊಂದರಿಂದ ಆಫ್ರಿಕನ್ ಗ್ರೇ ಗಿಳಿಯೊಂದು ತಪ್ಪಿಸಿಕೊಂಡಿತ್ತು. ಕುಟುಂಬದವರು ಊರಿನಲ್ಲಿ ಭಿತ್ತಿಪತ್ರ ಅಂಟಿಸಿ 50 ಸಾವಿರ ರೂಪಾಯಿ ಬಹುಮಾನ ಘೋಷಿಸಿದ್ದರು. ಕೆಲ ದಿನಗಳ ಬಳಿಕ ಹಕ್ಕಿಯನ್ನು ಕಂಡು ಕಾಪಾಡಿದವರಿಗೆ 85 ಸಾವಿರ ರೂಪಾಯಿ ನೀಡಿದ್ದು ದೇಶದಾದ್ಯಂತ ಸುದ್ದಿಯಾಯಿತು. ಆ ಗಿಳಿ ಬದುಕಿದ್ದು ಮನುಷ್ಯರ ಕೈಗೆ ಮರಳಿ ಸಿಕ್ಕಿದ್ದರಿಂದ.

ಒಂದು ವೇಳೆ ಬಿಟ್ಟ ಹಕ್ಕಿಗಳು ಬದುಕಿ ವಂಶ ಬೆಳೆಸಿದರೆ ಅದು ಬೇರೆಯದೇ ಸಮಸ್ಯೆ. ಭಾರತದಿಂದಲೂ ಹೋದ ಕೊರಳಪಟ್ಟಿಯ ಗಿಳಿಗಳು ಸಾಕಿದವರ ಕೈತಪ್ಪಿ ಲಂಡನ್, ಆಮ್‌ಸ್ಟರ್‌ಡ್ಯಾಂ ಮುಂತಾದ ನಗರಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿವೆ. ಮರದ ಪೊಟರೆಗಳಿಗಾಗಿ ಅಲ್ಲಿನ ಹಕ್ಕಿಗಳೊಂದಿಗೆ ಪೈಪೋಟಿ ನಡೆಸುತ್ತಿವೆ.

ಆರೋಗ್ಯ ತಪಾಸಣೆ

ಗಿಳಿಗಳು ಕಾಯಿಲೆಯನ್ನು ಬಹುಕಾಲ ಮರೆಮಾಚುತ್ತವೆ. ಹೊರನೋಟಕ್ಕೆ ಆರೋಗ್ಯವಾಗಿ ಕಂಡರೂ ಹಸ್ತಾಂತರಕ್ಕೆ ಮುನ್ನ ಪಕ್ಷಿಗಳನ್ನು ನೋಡುವ ಅನುಭವವಿರುವ ಪಶುವೈದ್ಯರಿಂದ ತಪಾಸಣೆ ಮಾಡಿಸಬೇಕು. ಪಶುವೈದ್ಯಕೀಯ ಕಾಲೇಜುಗಳಿರುವ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಸುತ್ತಮುತ್ತಲಿನವರು ಅಲ್ಲಿನ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ಮುಖ್ಯವಾಗಿ ಎರಡು ರೋಗಗಳ ಬಗ್ಗೆ ಎಚ್ಚರ ಅಗತ್ಯ. ಮೊದಲನೆಯದು ಸಿಟಕೋಸಿಸ್. ಕ್ಲಮಿಡಿಯ ಜಾತಿಯ ಬ್ಯಾಕ್ಟೀರಿಯದಿಂದ ಬರುವ ಈ ರೋಗ ಒಣಗಿದ ಹಿಕ್ಕೆಯ ದೂಳಿನ ಮೂಲಕ ಮನುಷ್ಯರಿಗೂ ತಗಲಿ ಜ್ವರ, ತಲೆನೋವು, ಒಣಕೆಮ್ಮು, ನ್ಯುಮೋನಿಯ ತರಬಲ್ಲದು. ಔಷಧದಿಂದ ಗುಣವಾಗುತ್ತದೆ, ಆದರೆ ಮನೆಯಲ್ಲಿ ಹಕ್ಕಿಯಿದೆ ಎಂದು ವೈದ್ಯರಿಗೆ ಹೇಳಿದರಷ್ಟೇ ಪತ್ತೆ ಸುಲಭ. ಎರಡನೆಯದು ಕೊಕ್ಕು ಮತ್ತು ಗರಿಗಳನ್ನು ಹಾಳುಗೆಡಹುವ ಪಿಬಿಎಫ್‌ಡಿ ಎಂಬ ವೈರಾಣು ರೋಗ. ಇದಕ್ಕೆ ಚಿಕಿತ್ಸೆ ಇಲ್ಲ. ಹೊಸ ಮನೆಯಲ್ಲಿ ಬೇರೆ ಗಿಳಿಗಳಿದ್ದರೆ ಅವುಗಳಿಗೂ ಹರಡುತ್ತದೆ. ತಪಾಸಣೆಯ ದಿನ ಹಕ್ಕಿಯ ತೂಕವನ್ನು ಗ್ರಾಂಗಳಲ್ಲಿ ಬರೆದಿಟ್ಟುಕೊಳ್ಳಬೇಕು. ಮುಂದೆ ಹೊಸ ಪೋಷಕರಿಗೆ ಆ ಅಂಕಿಯೇ ಅಳತೆಗೋಲು.

ಹಕ್ಕಿಯಿಂದಾಗಿಯೇ ಮನೆಯವರಿಗೆ ಉಸಿರಾಟದ ತೊಂದರೆ ಬಂದಿದ್ದರೆ ಅದನ್ನು ಮುಚ್ಚಿಡಬಾರದು. ಗರಿದೂಳಿಗೆ ಶ್ವಾಸಕೋಶ ತೋರುವ ಅಲರ್ಜಿಯ ಉರಿಯೂತ ದೀರ್ಘಕಾಲದಲ್ಲಿ ಶಾಶ್ವತ ಹಾನಿ ಉಂಟುಮಾಡಬಹುದು. ಹೊಸ ಮನೆಯಲ್ಲಿ ಆಸ್ತಮಾ ರೋಗಿಗಳಿದ್ದಾರೆಯೇ ಎಂದು ಕೇಳುವುದೂ ಅಷ್ಟೇ ಮುಖ್ಯ.

ಯಾರಿಗೆ ಕೊಡಬೇಕು?

ಈಗಾಗಲೇ ಹಕ್ಕಿಯನ್ನು ಬಲ್ಲ ಬಂಧುಗಳು, ಸ್ನೇಹಿತರು ಮೊದಲ ಆಯ್ಕೆ. ಚಿಕಿತ್ಸೆ ನೀಡುತ್ತಿದ್ದ ಪಕ್ಷಿವೈದ್ಯರಿಗೆ ಅನುಭವವಿರುವ ಪೋಷಕರ ಪರಿಚಯ ಇರುವುದುಂಟು. ಸಾರ್ವಜನಿಕ ಜಾಹೀರಾತು ಕೊನೆಯ ಮಾರ್ಗವಾಗಿರಲಿ. ಉಚಿತವಾಗಿ ಪಡೆದು ಮರುವಾರವೇ ಹೆಚ್ಚಿನ ಬೆಲೆಗೆ ಮಾರುವ ದಲ್ಲಾಳಿಗಳು ಇಂಥ ಜಾಹೀರಾತುಗಳಿಗಾಗಿಯೇ ಕಾಯುತ್ತಿರುತ್ತಾರೆ. ಮನೆ ತೋರಿಸಲು ಹಿಂಜರಿಯುವವರು, ಈ ದಿನವೇ ಬೇಕೆಂದು ಅವಸರಿಸುವವರು, ಹಕ್ಕಿಯ ಸ್ವಭಾವದ ಬಗ್ಗೆ ಒಂದೂ ಪ್ರಶ್ನೆ ಕೇಳದವರು, ದಾಖಲೆ ಬೇಡ ಎನ್ನುವವರು ಇವರ ಬಗ್ಗೆ ಸಂಶಯ ಇರಬೇಕು. ತಳಿ ಅಭಿವೃದ್ಧಿಗೆಂದು ಕೇಳುವವರಿಗೆ ಮನೆಯ ಹಕ್ಕಿಯನ್ನು ಕೊಡುವ ಮುನ್ನ ಯೋಚಿಸಬೇಕು.

ಹೊಸ ಪೋಷಕರ ಮನೆಗೆ ಖುದ್ದಾಗಿ ಭೇಟಿ ನೀಡಿ ಈ ಅಂಶಗಳನ್ನು ಪರಿಶೀಲಿಸಬಹುದು:

- ಮನೆಯಲ್ಲಿ ದಿನಕ್ಕೆ ಎಷ್ಟು ತಾಸು ಜನರಿರುತ್ತಾರೆ? ಮನೆಯ ಎಲ್ಲ ಸದಸ್ಯರಿಗೂ ಒಪ್ಪಿಗೆಯಿದೆಯೇ?
- ಬಾಡಿಗೆ ಮನೆ ಅಥವಾ ಅಪಾರ್ಟ್‌ಮೆಂಟ್ ಆಗಿದ್ದರೆ ಮಾಲೀಕರ, ನೆರೆಯವರ ಆಕ್ಷೇಪವಿದೆಯೇ?
- ಹಕ್ಕಿ ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚಿ ಬಡಿಯುವಷ್ಟು ದೊಡ್ಡ ಪಂಜರ ಇದೆಯೇ?
- ಕಿಟಕಿಗಳಿಗೆ ಜಾಲರಿ ಇದೆಯೇ? ತಿರುಗುವ ಫ್ಯಾನ್, ತೆರೆದ ನೀರಿನ ಪಾತ್ರೆಗಳ ಅಪಾಯದ ಅರಿವಿದೆಯೇ?
- ಬೆಕ್ಕು, ನಾಯಿ ಇದ್ದರೆ ಪ್ರತ್ಯೇಕ ಕೋಣೆ ಇದೆಯೇ?
- ಅಡುಗೆ ಮನೆಗೆ ಪಂಜರ ಎಷ್ಟು ದೂರ? ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ಗಿಳಿಗಳನ್ನು ನಿಮಿಷಗಳಲ್ಲೇ ಕೊಲ್ಲಬಲ್ಲದು. ಊದುಬತ್ತಿ, ಸೊಳ್ಳೆ ಬತ್ತಿಯ ಹೊಗೆಯೂ ಅವುಗಳಿಗೆ ಹಾನಿಕರ.
- ಪಕ್ಷಿವೈದ್ಯರು ಎಲ್ಲಿದ್ದಾರೆಂದು ಗೊತ್ತಿದೆಯೇ? ಚಿಕಿತ್ಸೆಯ ವೆಚ್ಚ ಭರಿಸಲು ಸಿದ್ಧರಿದ್ದಾರೆಯೇ?
- ಅವರ ಪರಿಸ್ಥಿತಿಯೂ ಬದಲಾದರೆ ಹಕ್ಕಿಯನ್ನು ಯಾರು ನೋಡಿಕೊಳ್ಳುತ್ತಾರೆ?

ಜೋಡಿಯಾಗಿ ಬೆಳೆದ ಹಕ್ಕಿಗಳನ್ನು ಬೇರ್ಪಡಿಸದೆ ಒಟ್ಟಿಗೇ ಕೊಡಬೇಕು.

ದಿನಚರಿ ಟಿಪ್ಪಣಿ ಮತ್ತು ಒಪ್ಪಂದ ಪತ್ರ

ಹಕ್ಕಿಯ ಬಗ್ಗೆ ಮನೆಯವರಿಗಷ್ಟೇ ತಿಳಿದಿರುವ ಸಂಗತಿಗಳು ಹಕ್ಕಿಯೊಂದಿಗೇ ಹೋಗಬೇಕು. ಎಷ್ಟು ಗಂಟೆಗೆ ಏಳುತ್ತದೆ, ಯಾವ ಮಾತಿಗೆ ಕೈಮೇಲೆ ಬರುತ್ತದೆ, ಯಾವುದಕ್ಕೆ ಬೆಚ್ಚುತ್ತದೆ, ನವಣೆ, ಸೀಬೆಹಣ್ಣು, ಹಸಿಮೆಣಸಿನಕಾಯಿಗಳಲ್ಲಿ ಯಾವುದು ಇಷ್ಟ, ಗಂಡಸರನ್ನು ಕಂಡರೆ ಕಚ್ಚುತ್ತದೆಯೇ ಇವನ್ನೆಲ್ಲ ಬರೆದುಕೊಡಬೇಕು. ಬೆಣ್ಣೆಹಣ್ಣು, ಚಾಕೊಲೇಟ್ ಗಿಳಿಗಳಿಗೆ ವಿಷ ಎಂಬುದನ್ನೂ ನಮೂದಿಸಬೇಕು. ದೋಷಗಳನ್ನು ಮರೆಮಾಚಿದರೆ ಹಕ್ಕಿ ಕೆಲವೇ ವಾರಗಳಲ್ಲಿ ಮೂರನೆಯ ಮನೆಗೆ ಹೋಗಬೇಕಾದೀತು.

ಕಲಿತ ಮಾತುಗಳ ಪಟ್ಟಿಯೂ ಉಪಯುಕ್ತ. ಇಂಗ್ಲೆಂಡಿನ ಲಿಂಕನ್‌ಶೈರ್ ವನ್ಯಜೀವಿ ಉದ್ಯಾನಕ್ಕೆ 2020ರಲ್ಲಿ ಬೇರೆ ಬೇರೆ ಮನೆಗಳಿಂದ ಐದು ಬೂದು ಗಿಳಿಗಳು ಬಂದಿದ್ದವು. ಒಟ್ಟಿಗೆ ಇರಿಸಿದಾಗ ಅವು ಬೈಗುಳದ ಸುರಿಮಳೆಯನ್ನೇ ಆರಂಭಿಸಿದವು. ಒಂದು ಬೈದರೆ ಉಳಿದವು ನಗುತ್ತಿದ್ದವು. ಕೊನೆಗೆ ಅವನ್ನು ಬೇರೆ ಬೇರೆ ಗುಂಪುಗಳಿಗೆ ಹಂಚಬೇಕಾಯಿತು. ಹಳೆಯ ಮನೆಯ ಮಾತು ಹೊಸ ಮನೆಯಲ್ಲೂ ಕೇಳಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಎಷ್ಟೋ ಮನೆಗಳಲ್ಲಿ ತೀರಿಕೊಂಡ ಹಿರಿಯರ ಧ್ವನಿ ಗಿಳಿಯ ಬಾಯಲ್ಲಿ ಉಳಿದಿರುತ್ತದೆ. ಹೊಸ ಪೋಷಕರಿಗೆ ಇದನ್ನು ಮೊದಲೇ ತಿಳಿಸಿದ್ದರೆ ಗಾಬರಿಯಾಗುವುದಿಲ್ಲ.

ಒಂದು ಪುಟದ ಒಪ್ಪಂದ ಪತ್ರ ಮುಂದಿನ ಮನಸ್ತಾಪಗಳನ್ನು ತಪ್ಪಿಸುತ್ತದೆ. ಹಕ್ಕಿಯ ಪ್ರಭೇದ, ವಯಸ್ಸು, ಉಂಗುರ ಸಂಖ್ಯೆ, ತಪಾಸಣೆಯ ದಿನಾಂಕ, ಹಸ್ತಾಂತರವನ್ನು ವರದಿ ಮಾಡುವ ಹೊಣೆ, ಒಂದು ತಿಂಗಳ ಪರೀಕ್ಷಾರ್ಥ ಅವಧಿ ಇವು ಅದರಲ್ಲಿರಲಿ. ಹೊಸ ಪೋಷಕರಿಗೆ ಸಾಧ್ಯವಾಗದಿದ್ದರೆ ಹಕ್ಕಿಯನ್ನು ಬೇರೆಯವರಿಗೆ ಕೊಡದೆ ಮೊದಲಿನವರಿಗೆ ತಿಳಿಸಬೇಕೆಂಬ ಷರತ್ತು ಅತಿ ಮುಖ್ಯ.

ಹಸ್ತಾಂತರ ಮತ್ತು ಮೊದಲ ದಿನಗಳು

ಹಸ್ತಾಂತರಕ್ಕೆ ಮುನ್ನ ಹೊಸ ಪೋಷಕರು ಮೂರು ನಾಲ್ಕು ಬಾರಿ ಬಂದು ಹಕ್ಕಿಯೊಂದಿಗೆ ಕಾಲ ಕಳೆಯುವುದು ಉತ್ತಮ. ಸಾಧ್ಯವಾದಲ್ಲಿ ಹಳೆಯ ಪಂಜರ, ಆಟಿಕೆ, ಆಹಾರದ ಬಟ್ಟಲುಗಳನ್ನೂ ಹಕ್ಕಿಯೊಂದಿಗೇ ಕಳುಹಿಸಬೇಕು. ಪ್ರಯಾಣ ಬೆಳಗಿನ ತಂಪು ಹೊತ್ತಿನಲ್ಲಿರಲಿ. ಗಾಳಿಯಾಡುವ ಸಣ್ಣ ಪೆಟ್ಟಿಗೆಗೆ ತೆಳುಬಟ್ಟೆ ಹೊದಿಸಿ ಕಾರಿನಲ್ಲಿ ಒಯ್ಯಬಹುದು. ಬಸ್ಸಿನ ಲಗೇಜು ಕೋಣೆಯಲ್ಲಿ, ನಿಲ್ಲಿಸಿದ ಕಾರಿನೊಳಗೆ ಹಕ್ಕಿಯನ್ನು ಬಿಡುವುದು ಅಪಾಯಕರ.

ಹೊಸ ಮನೆಯಲ್ಲಿ ಮೊದಲ ಕೆಲ ದಿನ ಹಕ್ಕಿ ಮೌನವಾಗಿರಬಹುದು. ಬಂಧುಬಳಗವನ್ನೆಲ್ಲ ಕರೆದು ಮಾತಾಡಿಸಲು ಯತ್ನಿಸಬಾರದು. ಕನಿಷ್ಠ ಎರಡು ವಾರ ಹಳೆಯ ಆಹಾರವನ್ನೇ ಮುಂದುವರಿಸಬೇಕು. ಕೇವಲ ಸೂರ್ಯಕಾಂತಿ ಬೀಜ ತಿಂದು ಬೆಳೆದ ಗಿಳಿಗಳಲ್ಲಿ ಕ್ಯಾಲ್ಸಿಯಂ, ಎ ಜೀವಸತ್ವಗಳ ಕೊರತೆ ಸಾಮಾನ್ಯವಾದರೂ ಸೊಪ್ಪು, ತರಕಾರಿ, ಮೊಳಕೆ ಕಾಳುಗಳಿಗೆ ಹಂತಹಂತವಾಗಿ ಹೊಂದಿಸಬೇಕು. ಬೇರೆ ಹಕ್ಕಿಗಳಿದ್ದರೆ 30ರಿಂದ 45 ದಿನ ಪ್ರತ್ಯೇಕ ಕೋಣೆಯಲ್ಲಿ ಇರಿಸಬೇಕು. ಪ್ರತಿದಿನ ಬೆಳಿಗ್ಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಬೇಕು. 450 ಗ್ರಾಂ ತೂಗುತ್ತಿದ್ದ ಬೂದು ಗಿಳಿ 405 ಗ್ರಾಂಗೆ ಇಳಿದರೆ, ಅಂದರೆ ಶೇ 10ರಷ್ಟು ಕಳೆದುಕೊಂಡರೆ, ತಡಮಾಡದೆ ವೈದ್ಯರ ಬಳಿ ಒಯ್ಯಬೇಕು.

ವಿದೇಶಕ್ಕೆ ಜೊತೆಯಲ್ಲೇ ಒಯ್ಯಬಹುದೇ?

ಬೆಂಗಳೂರಿನ ಐ.ಟಿ. ಉದ್ಯೋಗಿಗಳ ಮನೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಸೈಟಿಸ್ ಪಟ್ಟಿಯ ಗಿಳಿಯನ್ನು ದೇಶದಿಂದ ಒಯ್ಯಲು ಭಾರತದ ರಫ್ತು ಅನುಮತಿ ಬೇಕು. ಒಂದನೇ ಅನುಬಂಧದ ಹಕ್ಕಿಯಾದರೆ ತಲಪುವ ದೇಶದ ಆಮದು ಅನುಮತಿಯೂ ಬೇಕು. ಅಮೆರಿಕದಲ್ಲಿ ಇದರ ಜೊತೆಗೆ 1992ರ ಕಾಡುಹಕ್ಕಿ ಸಂರಕ್ಷಣಾ ಕಾಯ್ದೆಯ ನಿರ್ಬಂಧಗಳಿವೆ. ಆಸ್ಟ್ರೇಲಿಯ ಭಾರತದಿಂದ ಸಾಕುಹಕ್ಕಿಗಳನ್ನು ಸ್ವೀಕರಿಸುವುದಿಲ್ಲ. ಅನುಮತಿ ಪ್ರಕ್ರಿಯೆಗೆ ತಿಂಗಳುಗಳೇ ಹಿಡಿಯುವುದರಿಂದ ವೀಸಾ ಅರ್ಜಿಯ ಹಂತದಲ್ಲೇ ಹಕ್ಕಿಯ ಬಗ್ಗೆ ತೀರ್ಮಾನ ಕೈಗೊಳ್ಳಬೇಕು.

ಮುಂಜಾಗ್ರತೆ

ದೊಡ್ಡ ಗಿಳಿಗಳನ್ನು ಸಾಕಿರುವ ಹಿರಿಯರು ತಮ್ಮ ನಂತರ ಅದನ್ನು ನೋಡಿಕೊಳ್ಳುವವರ ಹೆಸರನ್ನು ಮೊದಲೇ ನಿರ್ಧರಿಸಿ, ಅವರ ಒಪ್ಪಿಗೆ ಪಡೆದು, ಉಯಿಲಿನಲ್ಲಿ ನಮೂದಿಸುವುದು ವಿವೇಕದ ನಡೆ. ಹಕ್ಕಿಯ ಆಹಾರ, ಚಿಕಿತ್ಸೆಗೆ ಒಂದಿಷ್ಟು ಹಣ ತೆಗೆದಿಡುವುದೂ ಒಳ್ಳೆಯದು. ಎಳವೆಯಿಂದಲೇ ಗಿಳಿಯನ್ನು ಮನೆಯ ಎಲ್ಲರ ಕೈಗೂ ಒಗ್ಗಿಸಿದ್ದರೆ, ಆಗಾಗ ಬಂಧುಗಳ ಮನೆಯಲ್ಲಿ ಒಂದೆರಡು ದಿನ ಇರಿಸಿ ಅಭ್ಯಾಸ ಮಾಡಿಸಿದ್ದರೆ ಮುಂದಿನ ಬದಲಾವಣೆ ಅದಕ್ಕೆ ಅಷ್ಟು ಕಠಿಣವಾಗದು.

ಹೊಸದಾಗಿ ಗಿಳಿ ಸಾಕಬೇಕೆಂದಿರುವವರು ಅಂಗಡಿಗೆ ಹೋಗುವ ಮುನ್ನ ನೋಂದಣಿಯಿರುವ, ಮನೆ ಅರಸುತ್ತಿರುವ ಹಕ್ಕಿಯೊಂದು ಪರಿಚಯದ ವಲಯದಲ್ಲಿ ಇದೆಯೇ ಎಂದು ವಿಚಾರಿಸಬಹುದು. ವಯಸ್ಸಾದ ಗಿಳಿ ಹೊಸಬರಿಗೆ ಹೊಂದಿಕೊಳ್ಳುವುದಿಲ್ಲ ಎಂಬ ಭಾವನೆ ಸರಿಯಲ್ಲ. ವಾರಗಳಲ್ಲದಿದ್ದರೆ ತಿಂಗಳುಗಳಲ್ಲಿ, ಆತುರಪಡದ ಮನೆಗಳಲ್ಲಿ ಅವು ಹೊಂದಿಕೊಳ್ಳುತ್ತವೆ.